ತಂದೆಯ 32 ಸಾಲು: ಕಿಪ್ಲಿಂಗರ ‘ಇಫ್’ ಬಗ್ಗೆ ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲದ ಪ್ರಶ್ನೋತ್ತರಕ್ಕೆ ಒಂದೇ ಕವಿತೆ. ಮುಂಬಯಿಯಲ್ಲಿ 1865ರ ಡಿಸೆಂಬರ್ 30ರಂದು ಹುಟ್ಟಿ, 1907ರಲ್ಲಿ ನೊಬೆಲ್ ಪಡೆದ ರಡ್ಯಾರ್ಡ್ ಕಿಪ್ಲಿಂಗ್ 1910ರಲ್ಲಿ ಪ್ರಕಟಿಸಿದ ‘ಇಫ್’, ತಂದೆಯೊಬ್ಬ ಮಗನಿಗೆ ಹೇಳುವ ಮಾತು. ಶಾಲೆಯ ಗೋಡೆಯಲ್ಲಿ, ಕಚೇರಿಯ ಕ್ಯಾಲೆಂಡರಿನಲ್ಲಿ, ಬೀಳ್ಕೊಡುಗೆ ಭಾಷಣದಲ್ಲಿ ಇದರ ಸಾಲುಗಳನ್ನು ಕಾಣದವರು ಕಡಿಮೆ. ಪೂರ್ತಿ ಓದಿದವರೂ ಕಡಿಮೆಯೇ ಎಂಬುದು ಬಂದಿರುವ ಪತ್ರಗಳಿಂದ ತಿಳಿಯುತ್ತದೆ.

ಮಗಳಿಗೆ ಶಾಲೆಯಲ್ಲಿ ಈ ಕವಿತೆಯ ಅರ್ಥವನ್ನು ಸಾಲು ಸಾಲಾಗಿ ಬರೆಸಿದ್ದಾರೆ. ಒಟ್ಟಾರೆ ಏನು ಹೇಳುತ್ತದೆ ಎಂದು ಕೇಳಿದರೆ ‘ಒಳ್ಳೆಯವರಾಗಿರಬೇಕು’ ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಿಸಲಿ?
— ಗೃಹಿಣಿ, ಹಾಸನ

ಕೊನೆಯ ಎರಡು ಸಾಲಿನಿಂದ. ಕವಿತೆಯಲ್ಲಿ 8 ಸಾಲಿನ 4 ಖಂಡಗಳಿವೆ, ಒಟ್ಟು 32 ಸಾಲು. ಈ 32 ಸಾಲೂ ಸೇರಿ ಒಂದೇ ವಾಕ್ಯ. ಮೊದಲ 30 ಸಾಲುಗಳ ತುಂಬ ‘ಇದನ್ನು ಮಾಡಬಲ್ಲೆಯಾದರೆ, ಅದನ್ನು ತಾಳಬಲ್ಲೆಯಾದರೆ’ ಎಂಬ ಷರತ್ತುಗಳು. ಮಾತು ಮುಟ್ಟುವುದು 31 ಮತ್ತು 32ನೇ ಸಾಲಿನಲ್ಲಿ: ಆಗ ಈ ಭೂಮಿ, ಇದರಲ್ಲಿರುವುದೆಲ್ಲ ನಿನ್ನದು, ಅದಕ್ಕೂ ಮಿಗಿಲಾಗಿ, ನೀನೊಬ್ಬ ಮನುಷ್ಯನಾಗುತ್ತೀಯ, ಮಗನೇ. ಇದನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದ ಸಾಲುಗಳು ಯಾವುದಕ್ಕೆ ಕಾಯುತ್ತಿವೆ ಎಂಬುದು ಹುಡುಗಿಗೆ ಕಾಣುತ್ತದೆ. ಮೊದಲ ಖಂಡದ ಕೊನೆಯಲ್ಲಿ ‘ಬೇಡ’ ಎಂಬ ದನಿ ಕೇಳಿಸುವುದನ್ನು ಬಿಟ್ಟರೆ ಇಲ್ಲಿ ತಂದೆ ಆಜ್ಞೆ ಮಾಡುವುದೇ ಇಲ್ಲ. ಷರತ್ತುಗಳನ್ನು ಮುಂದಿಟ್ಟು ಸುಮ್ಮನಾಗುತ್ತಾನೆ.

ಆಮೇಲೆ ಪೆನ್ಸಿಲು ಕೊಡಿ. ಮೊದಲ ಸುತ್ತಿನಲ್ಲಿ ‘ಇಫ್’ ಬಂದಲ್ಲೆಲ್ಲ ಗೆರೆ ಎಳೆಯಲಿ. ಒಟ್ಟು 13 ಸಿಗಬೇಕು: ಖಂಡವಾರು 3, 4, 2, 4. ಎರಡನೇ ಸುತ್ತಿನಲ್ಲಿ ‘ಆದರೆ’ (ಇಂಗ್ಲಿಷಿನ ‘ಬಟ್’), ‘ಹಾಗಿದ್ದೂ’, ‘ಆದರೂ ಬಿಡದೆ’ ಎಂಬ ತಿರುವು ಇರುವ ಕಡೆ ವೃತ್ತ ಹಾಕಲಿ. ಕವಿತೆಯ ಜೀವ ಇರುವುದು ಆ ವೃತ್ತಗಳಲ್ಲಿ. ಎಲ್ಲರೂ ನಿನ್ನನ್ನು ಅನುಮಾನಿಸುವಾಗ ನಿನ್ನ ಮೇಲೆ ನಿನಗೆ ನಂಬಿಕೆಯಿರಲಿ, ಆದರೆ ಅವರ ಅನುಮಾನಕ್ಕೂ ಜಾಗ ಕೊಡು. ಕನಸು ಕಾಣು, ಕನಸಿನ ಆಳಾಗಬೇಡ. ಯೋಚಿಸು, ಯೋಚನೆಯಲ್ಲೇ ನಿಲ್ಲಬೇಡ. ಜನಜಂಗುಳಿಯ ನಡುವೆ ಮಾತಾಡು, ನಡತೆ ಕಳೆದುಕೊಳ್ಳಬೇಡ. ರಾಜರ ಜೊತೆ ನಡೆ, ಸಾಮಾನ್ಯರ ಒಡನಾಟ ಬಿಡಬೇಡ. ಎಲ್ಲರೂ ನಿನಗೆ ಲೆಕ್ಕಕ್ಕಿರಲಿ, ಯಾರೊಬ್ಬರೂ ಅತಿಯಾಗಿ ಬೇಡ.

ಪ್ರತಿ ಗುಣದ ಬೆನ್ನಿಗೇ ಅದರ ಮಿತಿಯನ್ನೂ ಹೇಳಿಬಿಡುತ್ತಾನೆ ಈ ತಂದೆ. ಆತ್ಮವಿಶ್ವಾಸಕ್ಕೆ ಮಿತಿ ಇಲ್ಲದಿದ್ದರೆ ಅದು ಹಟವಾಗುತ್ತದೆ, ತಾಳ್ಮೆಗೆ ಇಲ್ಲದಿದ್ದರೆ ಜಡತನ. ಪೋಸ್ಟರಿನಲ್ಲಿ ಅಚ್ಚಾಗುವುದು ಹೆಚ್ಚಾಗಿ ಮೊದಲರ್ಧ ಮಾತ್ರ, ‘ನಿನ್ನನ್ನು ನೀನು ನಂಬು’ ಎಂದು. ಎರಡನೇ ಅರ್ಧ ಬಿಟ್ಟುಹೋದರೆ ಕವಿತೆಯೇ ಬಿಟ್ಟುಹೋದಂತೆ. ಮಗಳಿಗೆ ಕೇಳಬೇಕಾದ ಪ್ರಶ್ನೆ ‘ಈ ಸಾಲಿನ ನೀತಿ ಏನು’ ಎಂಬುದಲ್ಲ. ‘ಎರಡನೇ ಅರ್ಧ ಇಲ್ಲದಿದ್ದರೆ ಏನು ಕೆಡುತ್ತಿತ್ತು?’ ಎಂದು ಕೇಳಿ. ದಿನಕ್ಕೊಂದು ಖಂಡ ಸಾಕು.

‘ತೀರಾ ಒಳ್ಳೆಯವನಂತೆ ಕಾಣಬೇಡ, ತೀರಾ ಜಾಣನಂತೆ ಮಾತಾಡಬೇಡ’ ಎಂದು ಮೊದಲ ಖಂಡ ಮುಗಿಯುತ್ತದೆ. ಒಳ್ಳೆಯವನಾಗು ಎಂದು ಹೇಳಬೇಕಾದ ತಂದೆ ಹೀಗೇಕೆ ಹೇಳುತ್ತಾನೆ?
— ಪ್ರೌಢಶಾಲಾ ಶಿಕ್ಷಕ, ಗದಗ

ಅದರ ಹಿಂದಿನ ಸಾಲುಗಳ ಜೊತೆಗಿಟ್ಟು ಓದಿ. ಸುತ್ತಲಿನವರು ತಲೆ ಕೆಡಿಸಿಕೊಂಡು ತಪ್ಪನ್ನು ನಿನ್ನ ಮೇಲೆ ಹೊರಿಸುವಾಗ ನೀನು ಸಮಚಿತ್ತನಾಗಿರಬೇಕು. ಕಾಯಬೇಕು, ಕಾದು ಬೇಸರಿಸಬಾರದು. ನಿನ್ನ ಬಗ್ಗೆ ಸುಳ್ಳು ಹಬ್ಬಿಸಿದರೂ ನೀನು ಸುಳ್ಳಿನ ವ್ಯವಹಾರಕ್ಕೆ ಇಳಿಯಬಾರದು. ದ್ವೇಷಿಸಿದರೂ ದ್ವೇಷಕ್ಕೆ ಸೋಲಬಾರದು. ಇಷ್ಟೆಲ್ಲ ನಿಭಾಯಿಸಿದವನಿಗೆ ಕಾದಿರುವ ಅಪಾಯವೆಂದರೆ ‘ನಾನು ಇವರಿಗಿಂತ ಮೇಲು’ ಎಂಬ ಭಾವ. ಅನ್ಯಾಯ ಸಹಿಸಿದವರಲ್ಲಿ ಅದು ಬೇಗ ಚಿಗುರುತ್ತದೆ, ಎದುರಿನವರಿಗೂ ಬೇಗ ಕಾಣುತ್ತದೆ. ಒಳ್ಳೆಯತನವನ್ನು ಬೇಡ ಅನ್ನುತ್ತಿಲ್ಲ, ಅದರ ಪ್ರದರ್ಶನವನ್ನು ಬೇಡ ಅನ್ನುತ್ತಿದ್ದಾನೆ. 32 ಸಾಲುಗಳಲ್ಲಿ ಪಾಲಿಸಲು ಅತಿ ಕಷ್ಟವಾದದ್ದು ಇದೇ ಎಂಬುದು ನಮ್ಮ ಎಣಿಕೆ. ತರಗತಿಯಲ್ಲಿ ಇದಕ್ಕೊಂದು ಪೂರ್ತಿ ಪೀರಿಯಡ್ ಕೊಡಿ.

ಗೆಲುವು, ಸೋಲು ಎರಡನ್ನೂ ‘ವಂಚಕರು’ ಎನ್ನುವುದು ಯಾಕೆ? ಸೋಲು ವಂಚಿಸುವುದೆಂದರೇನು?
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಇಲ್ಲಿರುವುದು ವೇಷ ಹಾಕಿ ಬಂದು, ತಾನಲ್ಲದ್ದನ್ನು ತಾನು ಎಂದು ನಂಬಿಸುವವನ ಚಿತ್ರ. ಗೆಲುವು ಬಂದು ‘ನೀನು ಇನ್ನು ಮುಂದೆ ಹೀಗೇ’ ಎನ್ನುತ್ತದೆ. ಸೋಲು ಬಂದು ಅದೇ ಮಾತನ್ನು ಹೇಳುತ್ತದೆ. ಒಂದು ದಿನದ ಫಲಿತಾಂಶವಾಗಿ ಬಂದದ್ದು ಇಡೀ ಬಾಳಿನ ತೀರ್ಪಿನ ಗತ್ತಿನಲ್ಲಿ ನಿಲ್ಲುತ್ತದಲ್ಲ, ವಂಚನೆ ಅದೇ. ಮೂಲದಲ್ಲಿ ಎರಡೂ ಹೆಸರುಗಳನ್ನು ದೊಡ್ಡಕ್ಷರದಿಂದ ಬರೆದು ಎರಡನ್ನೂ ಮನೆಗೆ ಬಂದ ವ್ಯಕ್ತಿಗಳನ್ನಾಗಿ ಮಾಡಲಾಗಿದೆ. ಅವರನ್ನು ಹೊರಗಟ್ಟು ಎಂದಾಗಲಿ, ನೋಯಬೇಡ, ನಲಿಯಬೇಡ ಎಂದಾಗಲಿ ಕವಿತೆ ಹೇಳುವುದಿಲ್ಲ. ಎದುರುಗೊಳ್ಳು, ಇಬ್ಬರಿಗೂ ಒಂದೇ ಬಗೆಯ ಉಪಚಾರ ಸಾಕು ಅನ್ನುತ್ತದೆ. ಪರೀಕ್ಷೆಯಲ್ಲಿ ‘ಕವಿ ಭಾವನೆಗಳನ್ನು ತೊರೆಯಲು ಹೇಳುತ್ತಾನೆ’ ಎಂದು ಬರೆಯಬೇಡಿ. ವಿಂಬಲ್ಡನ್ ಸೆಂಟರ್ ಕೋರ್ಟಿಗೆ ಆಟಗಾರರು ಹೋಗುವ ಬಾಗಿಲ ಮೇಲೆ ಇವೇ ಎರಡು ಸಾಲುಗಳಿವೆ. ಅದರ ಕೆಳಗೆ ಹಾದುಹೋಗುವ ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕು, ಒಬ್ಬರು ಸೋಲಲೇಬೇಕು.

ಮೂರನೇ ಖಂಡದಲ್ಲಿ ಗಳಿಸಿದ್ದನ್ನೆಲ್ಲ ಒಂದೇ ಆಟಕ್ಕೆ ಒಡ್ಡಿ ಕಳೆದುಕೊಂಡು, ಆ ಬಗ್ಗೆ ತುಟಿ ಪಿಟಕ್ಕೆನ್ನದೆ ಮತ್ತೆ ಶುರುಮಾಡು ಎಂದಿದೆ. ಷೇರು, ಆನ್‌ಲೈನ್ ಆಟಗಳಲ್ಲಿ ಹುಡುಗರು ಹಾಳಾಗುತ್ತಿರುವ ಕಾಲದಲ್ಲಿ ಇದು ಯಾವ ಬಗೆಯ ಬುದ್ಧಿವಾದ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ

ನಿಮ್ಮ ಆತಂಕ ನ್ಯಾಯವಾದದ್ದು. ಇಡೀ ಕವಿತೆಯಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಈ ಖಂಡ. ಅದಕ್ಕೆ ಕಾರಣ ಕವಿತೆಯ ಕಟ್ಟಡದಲ್ಲೇ ಇದೆ. ಮೇಲೆ ಹೇಳಿದ ‘ಆದರೆ’ಗಳು ಎರಡನೇ ಖಂಡದ ನಡುವಿನಿಂದ ಕಾಣೆಯಾಗುತ್ತವೆ, ನಾಲ್ಕನೇ ಖಂಡದಲ್ಲಿ ಮತ್ತೆ ಬರುತ್ತವೆ. ನಡುವಿನ 12 ಸಾಲುಗಳಲ್ಲಿ ಮಿತಿಯ ಮಾತೇ ಇಲ್ಲ. ನೀನು ಹೇಳಿದ ಸತ್ಯವನ್ನು ದುಷ್ಟರು ತಿರುಚಿ ಮೂರ್ಖರಿಗೆ ಬಲೆ ಮಾಡುವುದನ್ನು ಕೇಳಿ ತಾಳಬೇಕು. ಬಾಳನ್ನೇ ಸವೆಸಿ ಕಟ್ಟಿದ್ದು ಮುರಿದುಬಿದ್ದಾಗ ಬಗ್ಗಿ, ಸವೆದ ಸಲಕರಣೆಗಳಿಂದಲೇ ಮತ್ತೆ ಕಟ್ಟಬೇಕು. ಎದೆ, ನರ, ಸ್ನಾಯು ಎಲ್ಲ ಸೋತ ಮೇಲೂ ‘ಬಿಡಬೇಡ’ ಎನ್ನುವ ಸಂಕಲ್ಪವೊಂದನ್ನೇ ಹಿಡಿದು ನಿಲ್ಲಬೇಕು. ಜನರ ನಡುವೆ ಇರುವಾಗಿನ ನಡತೆಗೆ ತೂಕ, ಪ್ರತಿತೂಕ ಇಟ್ಟ ಕವಿ, ಮನುಷ್ಯ ಒಬ್ಬನೇ ನಷ್ಟದ ಎದುರು ನಿಂತಾಗ ಅದನ್ನೆಲ್ಲ ಬದಿಗಿಡುತ್ತಾರೆ. ಹಾಗಾಗಿ ಈ ಭಾಗವನ್ನು ಬಿಡಿಯಾಗಿ ಎತ್ತಿ ಉದ್ಧರಿಸಿದರೆ ಅಪಾಯ.

ಈಗ ಆ ಆಟದ ವಿಷಯ. ಕವಿತೆಯಲ್ಲಿ ಹೆಸರಿಸಿರುವ ‘ಪಿಚ್ ಅಂಡ್ ಟಾಸ್’ ಬ್ರಿಟನ್ನಿನ ಬೀದಿಬದಿಯ ನಾಣ್ಯದಾಟ. ಆಡುವವರೆಲ್ಲ ಒಂದು ಗುರಿಯತ್ತ ನಾಣ್ಯ ಎಸೆಯುತ್ತಾರೆ. ಗುರಿಗೆ ಹತ್ತಿರ ಬಿದ್ದವನು ಎಲ್ಲ ನಾಣ್ಯಗಳನ್ನು ಬಾಚಿ ಮೇಲಕ್ಕೆ ಚಿಮ್ಮುತ್ತಾನೆ, ತಲೆ ಮೇಲಾಗಿ ಬಿದ್ದವು ಅವನವು. ಉಳಿದವನ್ನು ಚಿಮ್ಮುವ ಸರದಿ ಗುರಿಗೆ ಎರಡನೆಯ ಹತ್ತಿರದವನದು. ಮೊದಲರ್ಧ ಕೈಚಳಕ, ಎರಡನೆಯರ್ಧ ಪೂರಾ ಅದೃಷ್ಟ. ವ್ಯಾಪಾರ, ಬೇಸಾಯ, ಸಾರ್ವಜನಿಕ ಕೆಲಸ ಯಾವುದರಲ್ಲಾದರೂ ಪರಿಶ್ರಮದ ಆಚೆಗೊಂದು ಭಾಗ ನಮ್ಮ ಕೈಯಲ್ಲಿ ಇರುವುದಿಲ್ಲ ಎಂಬುದಕ್ಕೆ ಕವಿ ಈ ಆಟವನ್ನು ಎತ್ತಿಕೊಂಡಿದ್ದಾರೆ.

ಸಾಲಿನ ಒತ್ತು ಎಲ್ಲಿದೆ ನೋಡಿ. ಎಲ್ಲವನ್ನೂ ಒಡ್ಡಿದವನಿಗೆ ದುಪ್ಪಟ್ಟು ಸಿಗುತ್ತದೆ ಎಂಬ ಆಸೆಯನ್ನು ಕವಿತೆ ತೋರಿಸುವುದೇ ಇಲ್ಲ, ಅವನು ಸೋಲುತ್ತಾನೆ. ಪರೀಕ್ಷೆ ಶುರುವಾಗುವುದೇ ಸೋತ ಮೇಲೆ. ಇನ್ನೊಂದು ಸೂಕ್ಷ್ಮವಿದೆ. ಅವನು ಒಡ್ಡುವುದು ತಾನೇ ಗಳಿಸಿದ ರಾಶಿಯನ್ನು. ಅಪ್ಪನ ಮನೆ, ಹೆಂಡತಿಯ ಒಡವೆ, ಸಾಲದ ದುಡ್ಡು ಅಲ್ಲಿಲ್ಲ. ಮರಳಿ ಶುರುಮಾಡುವುದೂ ಮೊದಲ ಮೆಟ್ಟಿಲಿನಿಂದ. ಕಳೆದದ್ದನ್ನು ಅದೇ ಆಟದಲ್ಲಿ ವಾಪಸು ಪಡೆಯುವ ಮಾತು ಎಲ್ಲೂ ಇಲ್ಲ. ಜೂಜಿಗೆ ಬಿದ್ದವನು ಮಾಡುವುದು ಇದಕ್ಕೆ ತದ್ವಿರುದ್ಧ.

‘ತುಟಿ ಬಿಚ್ಚದಿರು’ ಎಂಬುದೂ ಅಷ್ಟೇ. ಅದು ತಾನೇ ಒಡ್ಡಿ ಕಳೆದುಕೊಂಡ ಗಳಿಕೆಯ ಬಗ್ಗೆ ಹೇಳಿದ್ದು: ಹಣೆಬರಹವನ್ನು, ಜೊತೆಗಾರರನ್ನು ದೂರುತ್ತ ಕೂರಬೇಡ ಎಂದು. ಸಾವಿನ ದುಃಖ, ಮನಸ್ಸಿನ ಕಾಯಿಲೆ, ಸಾಲದ ಸುಳಿ ಇವನ್ನು ಯಾರಿಗೂ ಹೇಳದೆ ನುಂಗಿಕೊ ಎಂದು ಮಕ್ಕಳಿಗೆ ಈ ಸಾಲಿನ ಹೆಸರಿನಲ್ಲಿ ಕಲಿಸಿದರೆ ಅದು ದೊಡ್ಡ ತಪ್ಪು. ಸಾಲದಲ್ಲಿ ಸಿಕ್ಕಿದ ಹುಡುಗ ಬಾಯಿ ಬಿಡಬೇಕು, ಮೊದಲ ದಿನವೇ ಬಿಡಬೇಕು. ಪಾಠ ಮಾಡುವವರು ಇದನ್ನು ಬಾಯಿಬಿಟ್ಟು ಹೇಳಲೇಬೇಕು, ಮಕ್ಕಳು ತಾವಾಗಿ ತಿಳಿದುಕೊಂಡಾರು ಎಂದು ಬಿಡುವಂತಿಲ್ಲ.

ಈ ಕವಿತೆಗೆ ಸ್ಫೂರ್ತಿ ದಕ್ಷಿಣ ಆಫ್ರಿಕಾದಲ್ಲಿ ದಾಳಿ ಮಾಡಿದ ಒಬ್ಬ ವಸಾಹತುಗಾರ ಎಂದು ಕೇಳಿದೆ. ನಿಜವೇ? ನಿಜವಾದರೆ ನಮ್ಮ ಮಕ್ಕಳಿಗೇಕೆ ಇದು?
— ಇತಿಹಾಸ ಉಪನ್ಯಾಸಕಿ, ಕಲಬುರಗಿ

ನಿಜ. ಕಿಪ್ಲಿಂಗ್ 1936ರಲ್ಲಿ ತೀರಿಕೊಂಡ ಮೇಲೆ, 1937ರಲ್ಲಿ ಬಂದ ‘ಸಮ್‌ಥಿಂಗ್ ಆಫ್ ಮೈಸೆಲ್ಫ್’ ಎಂಬ ಆತ್ಮಕಥನದಲ್ಲಿ ಅವರೇ ಹೇಳಿದ್ದಾರೆ: ಈ ಸಾಲುಗಳು ಜೇಮ್ಸನ್‌ನ ಸ್ವಭಾವದಿಂದ ಮೂಡಿದವು ಎಂದು. ಲಿಯಾಂಡರ್ ಸ್ಟಾರ್ ಜೇಮ್ಸನ್ ವೃತ್ತಿಯಿಂದ ವೈದ್ಯ, ಬ್ರಿಟಿಷರ ಕೇಪ್ ವಸಾಹತಿನ ಪ್ರಧಾನಿ ಸೆಸಿಲ್ ರೋಡ್ಸ್‌ನ ಆಪ್ತ. 1895ರ ಡಿಸೆಂಬರ್ 29ರಂದು ಐನೂರಕ್ಕೂ ಹೆಚ್ಚು ಜನರ ಪಡೆಯೊಂದಿಗೆ ಡಚ್ ಮೂಲದ ಬೋಯರ್ ಜನರ ಟ್ರಾನ್ಸ್‌ವಾಲ್ ಗಣರಾಜ್ಯದೊಳಕ್ಕೆ ನುಗ್ಗಿದ. ಚಿನ್ನದ ಗಣಿಗಳಿದ್ದ ಜೊಹಾನ್ಸ್‌ಬರ್ಗ್‌ನಲ್ಲಿ ವಲಸಿಗರು ದಂಗೆ ಏಳುತ್ತಾರೆ, ತಾನು ಅವರನ್ನು ಸೇರಿಕೊಳ್ಳಬಹುದು ಎಂಬುದು ಲೆಕ್ಕಾಚಾರ. ದಂಗೆ ಆಗಲೇ ಇಲ್ಲ. 1896ರ ಜನವರಿ 2ರಂದು ಡೋರ್ನ್‌ಕಾಪ್‌ನಲ್ಲಿ ಶರಣಾದ. ಲಂಡನ್ನಿನಲ್ಲಿ ವಿಚಾರಣೆ ನಡೆದು 15 ತಿಂಗಳ ಸೆರೆ ವಿಧಿಸಿದರು, ಕಾಯಿಲೆಯಿಂದಾಗಿ ಅವಧಿಗೆ ಮುಂಚೆಯೇ ಬಿಡುಗಡೆಯಾಯಿತು. ದಾಳಿಯ ಹಿಂದಿದ್ದ ರೋಡ್ಸ್ ಪ್ರಧಾನಿ ಪಟ್ಟ ಬಿಡಬೇಕಾಯಿತು. ಮುಂದೆ 1904ರಿಂದ 1908ರವರೆಗೆ ಅದೇ ಪಟ್ಟದಲ್ಲಿ ಜೇಮ್ಸನ್ ಕೂತ. ಎಲ್ಲರೂ ತಪ್ಪು ಹೊರಿಸುವಾಗ ತಲೆ ಕೆಡಿಸಿಕೊಳ್ಳದಿರುವುದು, ಎಲ್ಲ ಒಡ್ಡಿ ಸೋಲುವುದು, ಬಾಯಿ ಬಿಡದೆ ಮೊದಲಿನಿಂದ ಶುರುಮಾಡುವುದು ಇವೆಲ್ಲದರ ಹಿಂದೆ ಈ ಮನುಷ್ಯನ ನೆರಳು ಸ್ಪಷ್ಟವಾಗಿದೆ.

ದಾಳಿ ಅನ್ಯಾಯದ್ದು. ಅದನ್ನು ಸಾಹಸವೆಂದು ಕಂಡ ಕವಿಯ ಸಾಮ್ರಾಜ್ಯಶಾಹಿ ನಿಲುವೂ ಮುಚ್ಚಿಡುವಂಥದ್ದಲ್ಲ. ಫಿಲಿಪ್ಪೀನ್ಸ್ ಆಳಲು ಅಮೆರಿಕವನ್ನು ಹುರಿದುಂಬಿಸಿ ‘ಬಿಳಿಯನ ಹೊರೆ’ ಎಂದು 1899ರಲ್ಲಿ ಬರೆದವರು ಇವರೇ. 2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಗೋಡೆಯ ಮೇಲಿದ್ದ ‘ಇಫ್’ ಅಳಿಸಿ ಅಲ್ಲಿ ಆಫ್ರಿಕನ್ ಅಮೆರಿಕನ್ ಕವಯಿತ್ರಿ ಮಾಯಾ ಆಂಜೆಲೋ ಅವರ ಕವಿತೆ ಬರೆದದ್ದು ಈ ಕಾರಣಕ್ಕೇ.

ಆದರೂ ಓದಿಸಿ ಎನ್ನುತ್ತೇವೆ, ಇತಿಹಾಸದ ಸಮೇತ. ಆಗ ಕವಿತೆಯ ನಿಜವಾದ ಕೊರತೆ ಮಕ್ಕಳಿಗೆ ಕಾಣುತ್ತದೆ. ತಾಳ್ಮೆ, ಧೈರ್ಯ, ಸ್ಥೈರ್ಯ ಎಲ್ಲವನ್ನೂ ಕೇಳುವ ಈ ತಂದೆ, ಅವೆಲ್ಲ ಯಾವ ಕೆಲಸಕ್ಕೆ ಎಂದು ಮಾತ್ರ ಕೇಳುವುದಿಲ್ಲ. ಈ ಗುಣಗಳು ದಾಳಿಕೋರನಲ್ಲೂ ಇರಬಲ್ಲವು, ದಾಳಿಯನ್ನು ಎದುರಿಸುವವನಲ್ಲೂ ಇರಬಲ್ಲವು. ಕರುಣೆಯ ಮಾತು, ಕೊಡುವ ಮಾತು 32 ಸಾಲುಗಳಲ್ಲಿ ಒಂದೂ ಇಲ್ಲ. ಕವಿತೆ ಮೊದಲು ಬಂದ ‘ರಿವಾರ್ಡ್ಸ್ ಅಂಡ್ ಫೇರೀಸ್’ ಸಂಕಲನದಲ್ಲಿ ಇದಕ್ಕೆ ಮುಂಚಿನ ಕಥೆಯಲ್ಲಿ ಜಾರ್ಜ್ ವಾಷಿಂಗ್ಟನ್ ಬರುತ್ತಾರೆ: ಯುದ್ಧ ಬೇಕೆಂದು ಜನ ಕೂಗುವಾಗಲೂ ಶಾಂತಿಯ ನಿರ್ಧಾರಕ್ಕೆ ಅಂಟಿಕೊಳ್ಳುವ ಅಧ್ಯಕ್ಷರಾಗಿ. ಒಂದೇ ಕವಿತೆಗೆ ಜೇಮ್ಸನ್, ವಾಷಿಂಗ್ಟನ್ ಇಬ್ಬರೂ ಹೊಂದುತ್ತಾರೆ! ನಿಮ್ಮ ತರಗತಿಯ ಚರ್ಚೆಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಇದು ಭಗವದ್ಗೀತೆಯ ಸಾರವೇ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಎಷ್ಟು ಸರಿ?
— ಓದುಗ, ಉಡುಪಿ

ಲೇಖಕ ಖುಷ್ವಂತ್ ಸಿಂಗ್ ಆ ಮಾತನ್ನು ಹೇಳಿದ್ದರು, ಅಲ್ಲಿಂದ ಅದು ಹಬ್ಬಿದೆ. ಹೋಲಿಕೆ ಇರುವುದು ದಿಟ. ಎರಡನೇ ಅಧ್ಯಾಯದ 38ನೇ ಶ್ಲೋಕ ‘ಸುಖದುಃಖೇ ಸಮೇ ಕೃತ್ವಾ ಲಾಭಾಲಾಭೌ ಜಯಾಜಯೌ’ ಎನ್ನುತ್ತದೆ. ಗೆಲುವು ಸೋಲುಗಳ ಸಾಲಿನ ಪಕ್ಕಕ್ಕೆ ಇದನ್ನು ಇಡಬಹುದು. ಹನ್ನೆರಡನೇ ಅಧ್ಯಾಯದ ‘ಸಮಃ ಶತ್ರೌ ಚ ಮಿತ್ರೇ ಚ’ ಎಂಬುದನ್ನು, ವೈರಿಯಾಗಲಿ ಪ್ರೀತಿಯ ಗೆಳೆಯನಾಗಲಿ ನಿನ್ನನ್ನು ನೋಯಿಸಲಾರದಿದ್ದರೆ ಎಂಬ ಸಾಲಿನ ಪಕ್ಕಕ್ಕೆ ಇಡಬಹುದು. ಆದರೆ ನಡಿಗೆಯ ದಿಕ್ಕು ಬೇರೆ. 37ನೇ ಶ್ಲೋಕದಲ್ಲಿ ಕೃಷ್ಣ ಮೊದಲು ಫಲದ ಆಸೆ ತೋರಿಸುತ್ತಾನೆ: ಸತ್ತರೆ ಸ್ವರ್ಗ, ‘ಜಿತ್ವಾ ವಾ ಭೋಕ್ಷ್ಯಸೇ ಮಹೀಮ್’, ಗೆದ್ದರೆ ಭೂಮಿ ನಿನ್ನದು. ಮರುಶ್ಲೋಕದಲ್ಲೇ ಅದನ್ನು ದಾಟಿ ಸಮತ್ವಕ್ಕೆ ಹೋಗುತ್ತಾನೆ, ಆಮೇಲೆ ಫಲದ ಮೇಲಿನ ಹಕ್ಕನ್ನೇ ಬಿಡು ಎನ್ನುತ್ತಾನೆ. ಕಿಪ್ಲಿಂಗ್ ಸಮತ್ವದಿಂದ ಹೊರಟು ಭೂಮಿಯೆಲ್ಲ ನಿನ್ನದು ಎಂಬ ಬಹುಮಾನಕ್ಕೆ ಬರುತ್ತಾರೆ. ‘ಅದಕ್ಕೂ ಮಿಗಿಲು’ ಎಂದು ಮನುಷ್ಯತ್ವವನ್ನು ಅದರ ಮೇಲಿಡುತ್ತಾರೆ ಎನ್ನುವುದು ಸರಿ, ಬಹುಮಾನವನ್ನಂತೂ ಬಿಡುವುದಿಲ್ಲ. ಭಾಷಣಕಾರರು ‘ಹತ್ತಿರದ್ದು’ ಎನ್ನಲಿ, ‘ಸಾರವೇ’ ಎನ್ನುವುದು ಬೇಡ.

ಕೊನೆಯಲ್ಲಿ ಮಗನಿಗೆ ಮಾತ್ರ ಹೇಳಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ತಂದೆ ನಾನು. ‘ಮಗಳೇ’ ಎಂದು ಬದಲಿಸಿ ಓದಿದರೆ ತಪ್ಪೇ?
— ಓದುಗ, ಮಂಡ್ಯ

ಮನೆಯಲ್ಲಿ ಧಾರಾಳವಾಗಿ ಹಾಗೆ ಓದಿ, ಉಳಿದ 31 ಸಾಲುಗಳಲ್ಲಿ ಗಂಡಿಗೆ ಮಾತ್ರ ಸಲ್ಲುವ ಗುಣ ಒಂದೂ ಇಲ್ಲ. ಸ್ಪರ್ಧೆಯಲ್ಲಿ, ಬರವಣಿಗೆಯಲ್ಲಿ ಮಾತ್ರ ಮೂಲದಂತೆಯೇ ಇರಲಿ. ಜೊತೆಗೆ ಮಕ್ಕಳಿಗೆ ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನವನ್ನೂ ಕೊಡಿ. ‘ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದಡೆ ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು’ ಎಂದು ಅದು ಮುಗಿಯುತ್ತದೆ. ಕಿಪ್ಲಿಂಗ್‌ಗಿಂತ ಏಳು ಶತಮಾನ ಮೊದಲು, ಯಾವ ಬಹುಮಾನದ ಮಾತೂ ಇಲ್ಲದೆ, ಹೆಣ್ಣೊಬ್ಬಳು ತಾನೇ ಬದುಕಿ ಆಡಿದ ಮಾತು. ನಮಗೆ ಇದು ‘ಇಫ್’ಗಿಂತ ಒಂದು ಕೈ ಮೇಲು.

ಇದನ್ನು ಕೇಳಿಸಿಕೊಂಡ ಮಗ ಏನಾದ?
— ಓದುಗರು, ಮೈಸೂರು

ಕಿಪ್ಲಿಂಗರ ಒಬ್ಬನೇ ಮಗ ಜಾನ್ ಹುಟ್ಟಿದ್ದು 1897ರಲ್ಲಿ. ಕವಿತೆ ಅಚ್ಚಾದಾಗ ಅವನಿಗೆ 13ರ ಹತ್ತಿರ. ಮೊದಲ ಮಹಾಯುದ್ಧ ಶುರುವಾದಾಗ ಕಣ್ಣಿನ ದೋಷದಿಂದಾಗಿ ಅವನನ್ನು ಸೇನೆಗೆ ತೆಗೆದುಕೊಳ್ಳಲಿಲ್ಲ. ತಂದೆ ತಮ್ಮ ಪರಿಚಯದ, ಬ್ರಿಟಿಷ್ ಸೇನೆಯ ಮಾಜಿ ದಂಡನಾಯಕ ಲಾರ್ಡ್ ರಾಬರ್ಟ್ಸ್ ಮೂಲಕ ಐರಿಷ್ ಗಾರ್ಡ್ಸ್ ಪಡೆಯಲ್ಲಿ ಜಾಗ ಕೊಡಿಸಿದರು. 1915ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಜಾನ್ ಕಾಣೆಯಾದ, ವಯಸ್ಸು 18. ದೇಹ ಯಾವುದೆಂದು ತಂದೆ ಬದುಕಿರುವವರೆಗೂ ಗೊತ್ತಾಗಲಿಲ್ಲ. ಕಿಪ್ಲಿಂಗ್ ಯುದ್ಧಸಮಾಧಿಗಳ ಆಯೋಗದಲ್ಲಿ ದುಡಿದರು, ಮಗನಿದ್ದ ಪಡೆಯ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದು 1923ರಲ್ಲಿ ಪ್ರಕಟಿಸಿದರು. ಮೂರನೇ ಖಂಡವನ್ನು ಮೌನದ ಉಪದೇಶ ಎಂದು ಓದುವವರು, ಮಗನನ್ನು ಕಳೆದುಕೊಂಡ ಕವಿ ಹೀಗೆ ಬರೆದದ್ದನ್ನು ನೆನಪಿಡಬೇಕು.

ಜಿಲ್ಲಾ ಮಟ್ಟದ ಕಂಠಪಾಠ ಸ್ಪರ್ಧೆಗೆ ಮಗ ಇದನ್ನು ಆರಿಸಿಕೊಂಡಿದ್ದಾನೆ. ಹೇಗೆ ತಯಾರಿ ಮಾಡಿಸಲಿ?
— ಓದುಗರು, ವಿಜಯಪುರ

ವೇಗ ಮೊದಲು ಸರಿಮಾಡಿ. ಸಾಲಿಗೆ 4 ಸೆಕೆಂಡಿನಂತೆ 128 ಸೆಕೆಂಡು, ಖಂಡಗಳ ನಡುವೆ 2 ಸೆಕೆಂಡಿನ ಮೂರು ನಿಲುಗಡೆ ಸೇರಿದರೆ ಎರಡು ನಿಮಿಷ ಹದಿನೈದು ಸೆಕೆಂಡಿನ ಆಸುಪಾಸು. ಒಂದೂವರೆ ನಿಮಿಷಕ್ಕೆ ಮುಗಿಸುತ್ತಿದ್ದರೆ ಓಡುತ್ತಿದ್ದಾನೆ ಎಂದೇ ಅರ್ಥ.

ಸಾಲುಗಳು 11 ಮತ್ತು 10 ಉಚ್ಚಾರಾಂಶಗಳಂತೆ (ಸಿಲಬಲ್) ಒಂದಾದ ಮೇಲೊಂದು ಬರುತ್ತವೆ. ಹನ್ನೊಂದರ ಸಾಲಿನ ಕೊನೆಯ ಉಚ್ಚಾರಾಂಶ ಹಗುರ, ಅದನ್ನು ಒತ್ತಿದರೆ ಲಯ ಕುಂಟುತ್ತದೆ. ಎಲ್ಲ ಹದಿಮೂರು ‘ಇಫ್’ಗಳಿಗೂ ಒತ್ತು ಕೊಡುವುದು ಸಾಮಾನ್ಯ ತಪ್ಪು, ಕೇಳುವವರಿಗೆ ಅದು ಸುತ್ತಿಗೆಯ ಪೆಟ್ಟಾಗುತ್ತದೆ. ಒತ್ತು ತಿರುವಿನ ಮೇಲಿರಲಿ. ಕನಸು, ಯೋಚನೆ, ರಾಜರ ಸಾಲುಗಳಲ್ಲಿ ಅಡ್ಡಗೆರೆ ಇದೆ, ಅಲ್ಲಿ ಅರೆಕ್ಷಣ ತಡೆದು ಮುಂದೆ ಹೋಗಬೇಕು. ಖಂಡ ಮುಗಿದಾಗ ದನಿ ಪೂರ್ತಿ ಇಳಿಸಬಾರದು, ವಾಕ್ಯ ಇನ್ನೂ ಮುಗಿದಿಲ್ಲ. ಕೊನೆಯ ಸಾಲಿಗೆ ಕೂಗಬಾರದು: ಅದು ಸಭೆಗೆ ಹೇಳಿದ್ದಲ್ಲ, ಎದುರಿಗಿರುವ ಒಬ್ಬ ಹುಡುಗನಿಗೆ ಹೇಳಿದ್ದು.

ಮಕ್ಕಳು ಸಾಲು ಮರೆಯುವುದು ಹೆಚ್ಚಾಗಿ ಮೂರನೇ ಖಂಡದಲ್ಲಿ. ಬೇರೆ ಖಂಡಗಳಲ್ಲಿ ಮೂರು ನಾಲ್ಕು ‘ಇಫ್’ಗಳು ಹಿಡಿಕೆಯಂತೆ ಸಿಗುತ್ತವೆ, ಅಲ್ಲಿರುವುದು ಎರಡೇ. ಆದ್ದರಿಂದ ಮೂರನೇ ಖಂಡವನ್ನೇ ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಿ, ಆಮೇಲೆ ನಾಲ್ಕು, ಒಂದು, ಎರಡು.